ಇಬ್ಭಾಗವಾದ ದೇಶ ಐರೋಪ್ಯ ಒಕ್ಕೂಟಕ್ಕೆ ಸೇರಬಹುದೇ?

ಪ್ರಶ್ನೆ: ಪೂರ್ವ ಯೂರೋಪಿನ ಮಾಲ್ಡೋವಾದ ಟ್ರಾನ್ಸ್‌ನಿಸ್ಟ್ರಿಯಾ ಪ್ರದೇಶ ಮಾಲ್ಡೋವಾ ಸರ್ಕಾರದ ಹಿಡಿತದಲ್ಲಿಲ್ಲ. ಹೀಗಿರುವಾಗ ಆ ದೇಶ ಐರೋಪ್ಯ ಒಕ್ಕೂಟಕ್ಕೆ ಸೇರುವುದು ಸರಿಯೇ? ಮೊದಲು ಒಂದಾಗಬೇಕಲ್ಲವೇ?

ಉತ್ತರ: ಒಂದಾಗುವವರೆಗೆ ಕಾಯಬೇಕಿಲ್ಲ ಎಂಬುದಕ್ಕೆ ದ್ವೀಪರಾಷ್ಟ್ರ ಸೈಪ್ರಸ್‌ನ ಉದಾಹರಣೆಯಿದೆ. ಆದರೆ ಅದು ಸೇರಿದ ರೀತಿಯನ್ನು ಯಾರೂ ಅನುಸರಿಸಬಾರದು.

ಗ್ರೀಸಿನ ಸೇನಾಡಳಿತದ ಬೆಂಬಲದಿಂದ 1974ರ ಜುಲೈನಲ್ಲಿ ಸೈಪ್ರಸ್‌ನಲ್ಲಿ ಕ್ಷಿಪ್ರಕ್ರಾಂತಿ ನಡೆಯಿತು. ಅದರ ಬೆನ್ನಿಗೇ ಟರ್ಕಿ ಸೈನ್ಯವನ್ನಿಳಿಸಿ ದ್ವೀಪದ ಉತ್ತರ ಭಾಗವನ್ನು ಹಿಡಿದುಕೊಂಡಿತು. ದ್ವೀಪದ ಗ್ರೀಕ್ ಮತ್ತು ತುರ್ಕಿ ಸಮುದಾಯಗಳ ನಡುವಿನ ಬಿರುಕು ಅದಕ್ಕೂ ಹಳೆಯದು. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ 1964ರಿಂದಲೇ ಅಲ್ಲಿದೆ; ಅದರ ದಂಡನಾಯಕರಾಗಿದ್ದ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು 1965ರ ಡಿಸೆಂಬರಿನಲ್ಲಿ ತೀರಿಕೊಂಡದ್ದೂ ಆ ದ್ವೀಪದಲ್ಲೇ.

ಸೈಪ್ರಸ್ 1990ರಲ್ಲಿ ಸದಸ್ಯತ್ವಕ್ಕೆ ಅರ್ಜಿ ಹಾಕಿತು. ಎರಡು ಭಾಗಗಳ ನಡುವೆ ರಾಜಿಯಾಗುವುದು ಸದಸ್ಯತ್ವಕ್ಕೆ ಪೂರ್ವಷರತ್ತಲ್ಲ ಎಂದು 1999ರಲ್ಲಿ ಹೆಲ್ಸಿಂಕಿಯಲ್ಲಿ ನಡೆದ ಒಕ್ಕೂಟದ ಶೃಂಗಸಭೆ ಸಾರಿತು. ಷರತ್ತು ಹಾಕಿದ್ದರೆ ದೇಶದ ಭವಿಷ್ಯದ ಬೀಗದಕೈಯನ್ನು ಟರ್ಕಿಯ ರಾಜಧಾನಿ ಅಂಕಾರಾಕ್ಕೆ ಒಪ್ಪಿಸಿದಂತಾಗುತ್ತಿತ್ತು, ಆದ್ದರಿಂದ ಆ ತೀರ್ಮಾನದಲ್ಲಿ ನ್ಯಾಯವಿತ್ತು. ಆದರೆ ಅದರಿಂದಾದ ನಷ್ಟ 2004ರ ಏಪ್ರಿಲ್ 24ರಂದು ಗೊತ್ತಾಯಿತು. ವಿಶ್ವಸಂಸ್ಥೆಯ ಏಕೀಕರಣ ಯೋಜನೆಯ ಮೇಲೆ ಅಂದು ನಡೆದ ಜನಮತಗಣನೆಯಲ್ಲಿ ಉತ್ತರದ ತುರ್ಕಿ ಸೈಪ್ರಿಯಟರಲ್ಲಿ ಸುಮಾರು ಶೇ. 65ರಷ್ಟು ಮಂದಿ ಒಪ್ಪಿದರು, ದಕ್ಷಿಣದ ಗ್ರೀಕ್ ಸೈಪ್ರಿಯಟರಲ್ಲಿ ಸುಮಾರು ಶೇ. 76ರಷ್ಟು ಮಂದಿ ತಿರಸ್ಕರಿಸಿದರು. ಒಂದೇ ವಾರದಲ್ಲಿ, ಮೇ 1ರಂದು, ಬೇಡವೆಂದವರ ಸರ್ಕಾರ ಒಕ್ಕೂಟದೊಳಗೆ ಬಂದು ಕುಳಿತಿತು. ಟರ್ಕಿ ಸೈನ್ಯದ ಕುರಿತು, ಕಳೆದುಹೋದ ಮನೆ–ಜಮೀನುಗಳ ಕುರಿತು ದಕ್ಷಿಣದವರಿಗಿದ್ದ ಆತಂಕ ಸುಳ್ಳಲ್ಲ. ಆದರೆ ಹೇಗೆ ಮತ ಹಾಕಿದರೂ ಸ್ಥಾನ ಖಚಿತವೆಂದಾದ ಮೇಲೆ ಕಹಿಯಾದ ರಾಜಿಯನ್ನು ಯಾರು ತಾನೇ ಒಪ್ಪುತ್ತಾರೆ?

ಕಾನೂನಿನ ದೃಷ್ಟಿಯಲ್ಲಿ ಇಡೀ ದ್ವೀಪವೇ ಒಕ್ಕೂಟದ ಭಾಗ. ಆದರೆ ಸೇರ್ಪಡೆ ಒಪ್ಪಂದದ 10ನೇ ಪ್ರೋಟೋಕಾಲ್ (ಅನುಬಂಧ) ಉತ್ತರದಲ್ಲಿ ಒಕ್ಕೂಟದ ಕಾನೂನನ್ನು ಅಮಾನತಿನಲ್ಲಿಟ್ಟಿದೆ. ಹೀಗಾಗಿ ಉತ್ತರದ ಕಿರೇನಿಯಾ ಪಟ್ಟಣದ ತುರ್ಕಿ ಸೈಪ್ರಿಯಟನೊಬ್ಬ ಸೈಪ್ರಸ್ ಗಣರಾಜ್ಯದ ಪಾಸ್‌ಪೋರ್ಟ್ ಹಿಡಿದು ಬರ್ಲಿನ್ನಿನಲ್ಲಿ ಕೆಲಸಕ್ಕೆ ಸೇರಬಲ್ಲ, ತನ್ನೂರಿನಲ್ಲಿ ಮಾತ್ರ ಐರೋಪ್ಯ ಕಾನೂನಿನ ರಕ್ಷಣೆ ಅವನಿಗಿಲ್ಲ. ವಿಭಜನೆಯ ಗೆರೆ ಹಾದುಹೋಗುವ ರಾಜಧಾನಿ ನಿಕೋಸಿಯಾದ ಅಂಗಡಿಬೀದಿ ಲೆಡ್ರಾದಲ್ಲಿ 2008ರಲ್ಲಿ ದಾರಿ ತೆರೆಯಿತಾದರೂ ಆ ಬೀದಿಯ ನಡುವೆ ಈಗಲೂ ಗುರುತಿನ ಚೀಟಿ ತೋರಿಸಿಯೇ ದಾಟಬೇಕು.

2022ರಲ್ಲಿ ಅಭ್ಯರ್ಥಿ ರಾಷ್ಟ್ರದ ಸ್ಥಾನ ಪಡೆದ ಮಾಲ್ಡೋವಾ ಈ ಕಾರಣಕ್ಕೆ ಕಾಯಬೇಕಿಲ್ಲ. ಕಾಯುವುದೆಂದರೆ ಟ್ರಾನ್ಸ್‌ನಿಸ್ಟ್ರಿಯಾದಲ್ಲಿ ಸೈನ್ಯವಿಟ್ಟುಕೊಂಡಿರುವ ರಷ್ಯಾಕ್ಕೆ ನಿರಾಕರಣೆಯ ಹಕ್ಕು ಕೊಟ್ಟಂತೆ. ಆದರೆ ಆ ಪ್ರದೇಶ ಮುಂದೆ ಯಾವ ಹಂತಗಳಲ್ಲಿ ಒಕ್ಕೂಟದ ಕಾನೂನಿಗೆ ಒಳಪಡಬೇಕು, ಅಲ್ಲಿಯವರೆಗೆ ಅಲ್ಲಿನವರಿಗೆ ಯಾವ ಹಕ್ಕುಗಳು ಸಲ್ಲಬೇಕು ಎಂಬುದನ್ನು ಸಹಿ ಹಾಕುವ ಮುನ್ನವೇ ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು.