ನೋವಿನ ಜೆಲ್ ಚರ್ಮ ದಾಟುವ ಲೆಕ್ಕ: ಶೇಕಡಾವಾರು ಯಾಕೆ ದಾರಿ ತಪ್ಪಿಸುತ್ತೆ

ಔಷಧಕ್ಕೆ ಅಡ್ಡ ನಿಂತಿರುವುದು ಚರ್ಮದ ತೀರಾ ಹೊರಪದರ, ಸ್ಟ್ರ್ಯಾಟಮ್ ಕಾರ್ನಿಯಂ. ದಪ್ಪ ಬರೀ 10–20 ಮೈಕ್ರೋಮೀಟರ್. ಸತ್ತ ಕೋಶಗಳ ಇಟ್ಟಿಗೆ, ನಡುವೆ ಸೆರಮೈಡ್, ಕೊಲೆಸ್ಟ್ರಾಲ್, ಕೊಬ್ಬಿನಾಮ್ಲಗಳ ಗಾರೆ. ಔಷಧ ನುಸುಳುವುದು ಬಹುಪಾಲು ಗಾರೆಯಲ್ಲಿ. ಅಣುತೂಕ 500 ಡಾಲ್ಟನ್ ಒಳಗಿರಬೇಕು ಅನ್ನುವ ನಿಯಮ ಇಲ್ಲಿ ತೊಡಕೇ ಅಲ್ಲ: ಐಬುಪ್ರೊಫೆನ್ 206, ಲಿಡೊಕೇನ್ 234, ಡೈಕ್ಲೊಫೆನಾಕ್ 296, ಫೆಂಟನಿಲ್ 336.

ಫ್ಲಕ್ಸ್ = ವಿಸರಣಾಂಕ × ಹಂಚಿಕೆ ಗುಣಾಂಕ × ಸಾರತೆ ÷ ಪದರದ ದಪ್ಪ

ಫ್ಲಕ್ಸ್ ಅಂದರೆ ಚರ್ಮದ ಇಷ್ಟು ಜಾಗದಲ್ಲಿ ಇಷ್ಟು ಹೊತ್ತಿಗೆ ದಾಟುವ ಔಷಧ. ವಿಸರಣಾಂಕ ಅಂದರೆ ಪದರದೊಳಗೆ ಅದು ಸರಿಯುವ ವೇಗದ ಅಳತೆ. ಹಂಚಿಕೆ ಗುಣಾಂಕ ಅಂದರೆ ಜೆಲ್ಲಿಗಿಂತ ಚರ್ಮವನ್ನು ಅದು ಎಷ್ಟು ಇಷ್ಟಪಡುತ್ತದೆ ಅನ್ನುವುದು. ಸಾರತೆ ಅಂದರೆ ಜೆಲ್ಲಿನಲ್ಲಿ ಕರಗಿರುವ ಔಷಧದ ಪ್ರಮಾಣ.

ಎಲ್ಲರೂ ಎಡವುವುದು ಇಲ್ಲೇ. ಸೂತ್ರದಲ್ಲಿ ಸಾರತೆ ಕಂಡ ತಕ್ಷಣ "ಒಳ್ಳೆಯ ದ್ರಾವಕ ಹಾಕಿ ಹೆಚ್ಚು ಔಷಧ ಕರಗಿಸೋಣ" ಅನ್ನಿಸುತ್ತದೆ. ಆದರೆ ಔಷಧಕ್ಕೆ ಜೆಲ್ ಹಿತವಾದಷ್ಟೂ ಅದು ಜೆಲ್ ಬಿಟ್ಟು ಚರ್ಮಕ್ಕೆ ಹೋಗಲು ಒಲ್ಲೆ ಅನ್ನುತ್ತದೆ. ಅಂದರೆ ಸಾರತೆ ಏರಿಸಲು ಮಾಡಿದ ಕೆಲಸವೇ ಹಂಚಿಕೆ ಗುಣಾಂಕವನ್ನು ಇಳಿಸುತ್ತದೆ.

ಅಂಕಿಯಲ್ಲಿ ನೋಡಿ. ದ್ರಾವಕ 'ಅ' ಪ್ರತಿ ಮಿಲಿಗೆ 10 ಮಿಗ್ರಾಂ ಮಾತ್ರ ಕರಗಿಸಬಲ್ಲದು, 'ಆ' 100 ಮಿಗ್ರಾಂ. ಎರಡರಲ್ಲೂ 10 ಮಿಗ್ರಾಂ ಕರಗಿಸಿ. ಲೇಬಲ್ ಮೇಲೆ ಎರಡೂ 1%. ಆದರೆ 'ಅ' ಪೂರ್ತಿ ಪರ್ಯಾಪ್ತ (ಇನ್ನಷ್ಟು ಕರಗಿಸಲಾರದಷ್ಟು ತುಂಬಿದೆ), 'ಆ' ಹತ್ತರಲ್ಲಿ ಒಂದು ಪಾಲು ಮಾತ್ರ. ಫ್ಲಕ್ಸ್ ಕೂಡ ಸುಮಾರು ಹತ್ತರಲ್ಲಿ ಒಂದು! 'ಆ'ಯಲ್ಲಿ 100 ಮಿಗ್ರಾಂ ತುಂಬಿದರೂ 'ಅ'ದಷ್ಟೇ ಫ್ಲಕ್ಸ್, ಹೆಚ್ಚಲ್ಲ. ಚರ್ಮವನ್ನೇ ಬದಲಿಸದ ದ್ರಾವಕಗಳಿಗೆ ಈ ಮಾತು. ಹಾಗಾಗಿ ಕೇಳಬೇಕಾದ್ದು "ಎಷ್ಟು ಶೇಕಡಾ?" ಅಂತಲ್ಲ, "ಪರ್ಯಾಪ್ತತೆಗೆ ಎಷ್ಟು ಹತ್ತಿರ?" ಅಂತ.

ಇದರ ಮೇಲೆ ನಿಂತ ಚೆಂದದ ಉಪಾಯ ಆಲ್ಕೋಹಾಲ್ ಜೆಲ್. ಹಚ್ಚಿದ ಮೇಲೆ ಆಲ್ಕೋಹಾಲ್ ಆರಿಹೋಗಿ, ಉಳಿದ ತೆಳು ಪದರ ಅತಿಪರ್ಯಾಪ್ತ (ಕರಗುವ ಮಿತಿಗಿಂತ ಹೆಚ್ಚು ಔಷಧ ಹೊತ್ತದ್ದು) ಆಗುತ್ತದೆ, ಫ್ಲಕ್ಸ್ ಜಿಗಿಯುತ್ತದೆ. ಕೆಡುವುದು ಹರಳುಗಟ್ಟಿದಾಗ: ಹರಳು ಬಿದ್ದರೆ ಮತ್ತೆ ಬರೀ ಪರ್ಯಾಪ್ತ ಮಟ್ಟ. ತಡೆಯಲು ಪಿವಿಪಿ ಅಥವಾ ಎಚ್‌ಪಿಎಂಸಿ ಪಾಲಿಮರ್. ಉಳಿದ ಪದರದಲ್ಲಿ ಔಷಧ ಕರಗಿರಲು ಬೇಗ ಆರದ ದ್ರಾವಕ ಪ್ರೊಪಿಲೀನ್ ಗ್ಲೈಕಾಲ್ ಸ್ವಲ್ಪ ಬೇಕು. ಅತಿಯಾದರೆ ಅದೇ 'ಆ' ಆಗಿಬಿಡುತ್ತದೆ.

ಇನ್ನೊಂದು ಜಾಣತನ: ಮರಗಟ್ಟಿಸುವ ಎರಡು ಔಷಧ, 68 ಡಿಗ್ರಿಗೆ ಕರಗುವ ಲಿಡೊಕೇನ್, ಸುಮಾರು 38 ಡಿಗ್ರಿಗೆ ಕರಗುವ ಪ್ರಿಲೊಕೇನ್, ಸಮಪಾಲು ಬೆರೆಸಿದರೆ ಕೋಣೆಯ ಉಷ್ಣತೆಯಲ್ಲೇ ಎಣ್ಣೆ. ತಲಾ 2.5% ಇರುವ ಕ್ರೀಮಿನಲ್ಲಿ ಎಣ್ಣೆಹನಿಯೇ ಔಷಧ, ಬೇರೆ ಎಣ್ಣೆ ಬೇಡ. ಮೇಲೆ ಫಿಲ್ಮ್ ಮುಚ್ಚಿ ಕನಿಷ್ಠ 1 ಗಂಟೆ ಬಿಡಬೇಕು. ಬೇಗ ತೆಗೆದರೆ ಮರಗಟ್ಟುವಿಕೆ ಅರೆಬರೆ.

ಪಿಎಚ್: ಡೈಕ್ಲೊಫೆನಾಕ್‌ನ ಪಿಕೆಎ (ಅರ್ಧದಷ್ಟು ಅಣುಗಳು ಅಯಾನುಗಳಾಗುವ ಪಿಎಚ್) ಸುಮಾರು 4. ಪಿಎಚ್ 7ರಲ್ಲಿ ಸಾವಿರಕ್ಕೆ ಸುಮಾರು ಒಂದು ಅಣು ಮಾತ್ರ ಅಯಾನೀಕರಣವಾಗದೆ ಉಳಿಯುತ್ತದೆ, ಗಾರೆಗೆ ಒಗ್ಗುವುದು ಅದೇ. ಪಿಎಚ್ ಇಳಿಸಿದರೆ? ನೀರಿನಲ್ಲಿ ಕರಗದೆ ತಳ ಸೇರುತ್ತದೆ. ಎರಡರ ನಡುವೆ ರಾಜಿ ಅನಿವಾರ್ಯ.

ಚರ್ಮವನ್ನೇ ಸಡಿಲಿಸುವವು ಬೇರೆ ಗುಂಪು. ಓಲೆಯಿಕ್ ಆಮ್ಲ ಗಾರೆಯ ಜೋಡಣೆ ಕೆಡಿಸುತ್ತದೆ. ಇನ್ನೊಂದು ದ್ರಾವಕ ಡಿಎಂಎಸ್‌ಒ ಬೇಕಾಗುವುದು ಭಾರೀ ಪ್ರಮಾಣದಲ್ಲಿ: ಡೈಕ್ಲೊಫೆನಾಕ್ 1.5% ದ್ರಾವಣದಲ್ಲಿ ಅದು 45.5%. ಬೆಲೆ ತೆರುವುದು ಒಣಗಿ ಕೆಂಪಾಗುವ ಚರ್ಮ.

ಬಿಸಿ ಕೂಡ ಹೀರಿಕೆ ಏರಿಸುತ್ತದೆ, ಆದರೆ ಬಲು ಪ್ರಬಲ ನೋವುನಿವಾರಕವಾದ ಫೆಂಟನಿಲ್ ಪ್ಯಾಚ್ ಮೇಲೆ ಶಾಖ ಇಟ್ಟರೆ ಉಸಿರೇ ನಿಲ್ಲಬಹುದು. ಡೈಕ್ಲೊಫೆನಾಕ್ ಜೆಲ್ ಮೇಲೂ ಬಿಗಿ ಪಟ್ಟಿ, ಶಾಖ ಬೇಡ.

ಔಷಧ ಚರ್ಮದ ತುಂಡನ್ನು ದಾಟುವುದನ್ನು ಅಳೆಯುವ ಫ್ರಾಂಝ್ ಸೆಲ್‌ನಲ್ಲಿ ಪರೀಕ್ಷಿಸುವಾಗ ಚರ್ಮದ ಮೇಲ್ಮೈ 32 ಡಿಗ್ರಿ ಇರಲಿ, ಕೆಳಗೆ ಗಾಳಿಗುಳ್ಳೆ ಬೇಡ. ಜೆಲ್ ದಂಡಿಯಾಗಿ ಸುರಿದು ಮುಚ್ಚಿಟ್ಟರೆ ಆಲ್ಕೋಹಾಲ್ ಆರುವುದೇ ಇಲ್ಲ, ಒಳ್ಳೆಯ ಜೆಲ್ ಕೂಡ ಸಪ್ಪೆಯಾಗಿ ಕಾಣುತ್ತದೆ. ಚದರ ಸೆಂಟಿಮೀಟರಿಗೆ 10 ಮಿಗ್ರಾಂ ಆಸುಪಾಸು ಸವರಿ, ತೆರೆದೇ ಇಡಿ.