ಚುಕ್ಕಿಯ ಕ್ಲಿಕ್ ನಂಬಿ ಕೂರಬೇಡಿ

ಈ ತಿಂಗಳು ಇದೇ ದೂರು ಮೂರನೇ ಸಲ ಬಂತು. "ಸರ್, ಡಾಟ್ ಒತ್ತಿದ್ರೆ ಸರಿಯಾಗೇ ಇದೆ, ಮೊಬೈಲಲ್ಲಿ ಮಾತ್ರ ಬೆಲೆ ತಪ್ಪು ತೋರಿಸ್ತಿದೆ." ಕೋಡ್ ತೆಗೆಯುವ ಮೊದಲೇ ಗೊತ್ತಾಗುತ್ತದೆ, ಯಾರೋ ಕ್ಯಾರೊಸೆಲ್ (ಒಂದೊಂದಾಗಿ ಸರಿಯುವ ಫೋಟೋ ಸಾಲು) ಕೆಳಗಿನ ಚುಕ್ಕಿಗಳಿಗೇ ಕ್ಲಿಕ್ ಹ್ಯಾಂಡ್ಲರ್, ಅಂದರೆ ಕ್ಲಿಕ್ ಆದಾಗ ಓಡುವ ಕೋಡ್, ಹಾಕಿದ್ದಾರೆ.

ಒಂದು ಸೀರೆ ಅಂಗಡಿಯ ಸೈಟ್. ಸ್ಲಿಕ್ ಅನ್ನುವ ಕ್ಯಾರೊಸೆಲ್ ಪ್ಲಗಿನ್‌ನಲ್ಲಿ (ಸೈಟಿಗೆ ಸೇರಿಸುವ ಸಿದ್ಧ ಕೋಡ್) ಆರು ಫೋಟೋ, ಕೆಳಗೆ ಬೆಲೆ. ಅಂಗಡಿಯ ಅಮ್ಮ ನನ್ನೆದುರೇ ಫೋನಿನಲ್ಲಿ ಬೆರಳಿಂದ ಸರಿಸಿದರು. ಫೋಟೋ ಇಳಕಲ್‌ನಿಂದ ಮೈಸೂರು ರೇಷ್ಮೆಗೆ ಹೋಯಿತು, ಬೆಲೆ ಇಳಕಲ್‌ದೇ ನಿಂತಿತ್ತು. "ಗಿರಾಕಿ ಇದೇ ಬೆಲೆಗೆ ಕೊಡಿ ಅಂತ ಕೂತ್ರೆ ನಾನೇನು ಹೇಳ್ಲಪ್ಪಾ?" ಅಂದರು. ತಪ್ಪು ಅವರದಲ್ಲ, ನಮ್ಮ ಕಸುಬಿನವರದು.

ಸ್ಲೈಡ್ ಬದಲಾಗಲು ಚುಕ್ಕಿ ಒಂದೇ ದಾರಿ ಅಲ್ಲ. ಬೆರಳಿಂದ ಸರಿಸುತ್ತಾರೆ, ಬಾಣ ಒತ್ತುತ್ತಾರೆ, ಆಟೋಪ್ಲೇ ಇದ್ದರೆ ಯಾರೂ ಮುಟ್ಟದೆಯೇ ಹೋಗುತ್ತದೆ. ಇದ್ಯಾವುದೂ ಚುಕ್ಕಿಯ ಕ್ಲಿಕ್ ಅಲ್ಲ. ಅದೂ ಅಲ್ಲದೆ ಆ ಚುಕ್ಕಿಗಳು ಪ್ಲಗಿನ್ ತಾನೇ ಹಾಕಿದ್ದು. ಪರದೆಯ ಅಗಲಕ್ಕೆ ತಕ್ಕಂತೆ ಸೆಟ್ಟಿಂಗ್ ಬದಲಿಸುವ ರೆಸ್ಪಾನ್ಸಿವ್ ಬ್ರೇಕ್‌ಪಾಯಿಂಟ್ ಕೊಟ್ಟಿದ್ದರೆ, ಫೋನ್ ಅಡ್ಡ ತಿರುಗಿಸಿ ಆ ಅಗಲ ದಾಟಿದ ಕೂಡಲೇ ಸ್ಲಿಕ್ ಹಳೇ ಚುಕ್ಕಿಗಳನ್ನು ಕಿತ್ತು ಹೊಸದು ಹಾಕುತ್ತದೆ, ಚುಕ್ಕಿಗೇ ನೇರವಾಗಿ ಬೈಂಡ್ ಮಾಡಿದ (ಕಟ್ಟಿದ) ನಿಮ್ಮ ಹ್ಯಾಂಡ್ಲರೂ ಅದರ ಜೊತೆಗೇ ಹೋಗುತ್ತದೆ. ಹೇಗೇ ಸರಿಯಲಿ, ಸರಿದ ಮೇಲೆ ಕ್ಯಾರೊಸೆಲ್ಲೇ ಆಫ್ಟರ್‌ಚೇಂಜ್ ಈವೆಂಟ್ (ಸ್ಲೈಡ್ ಬದಲಾಯಿತು ಅನ್ನುವ ಸೂಚನೆ) ಫೈರ್ ಮಾಡುತ್ತದೆ ಅಲ್ವಾ? ಅದನ್ನು ಹಿಡಿದು ಬೆಲೆ ಬದಲಿಸಿ. ಸರಿಯುವ ಮೊದಲೇ ಬೇಕಿದ್ದರೆ ಬಿಫೋರ್‌ಚೇಂಜ್ ಇದೆ.

ಆ ಈವೆಂಟ್ ಕೊಡುವ ಸ್ಲೈಡ್ ನಂಬರಿನ ಎಣಿಕೆ 0ಯಿಂದ ಶುರು ಅಂತ ನಿಮಗೆ ಗೊತ್ತೇ ಇದೆ. ಗೊತ್ತಿರದೇ ಇರುವುದು ಇದು: 12 ಫೋಟೋ ಇಟ್ಟು, ನಾಲ್ಕು ನಾಲ್ಕು ತೋರಿಸಿ, ನಾಲ್ಕು ನಾಲ್ಕೇ ಸರಿಸಿದರೆ ಚುಕ್ಕಿ 3, ಆದರೆ ಕೈಗೆ ಬರುವ ನಂಬರ್ 0, 4, 8. ಅದು ಸ್ಲೈಡಿನ ನಂಬರ್, ಚುಕ್ಕಿಯದ್ದಲ್ಲ. ಸ್ವೈಪರ್ ಅನ್ನುವ ಇನ್ನೊಂದು ಕ್ಯಾರೊಸೆಲ್‌ನಲ್ಲಿ ಲೂಪ್ (ಕೊನೆಯದಾದ ಮೇಲೆ ಮತ್ತೆ ಮೊದಲನೆಯದು) ಹಾಕಿದ್ದರೆ ಆಕ್ಟಿವ್‌ಇಂಡೆಕ್ಸ್ ಬೇಡ, ರಿಯಲ್‌ಇಂಡೆಕ್ಸ್ ತಗೊಳ್ಳಿ. ವರ್ಷನ್ ಬೇರೆಯಾದರೆ ವಿವರವೂ ಬೇರೆಯಾಗಬಹುದು, ನಿಮ್ಮ ವರ್ಷನ್ನಿನ ಡಾಕ್ಯುಮೆಂಟೇಶನ್ ಒಮ್ಮೆ ನೋಡ್ಕೊಂಡೇ ಕೈ ಹಾಕಿ.

ಆ ಸೈಟಿನಲ್ಲಿ ಬದಲಾಯಿಸಿದ್ದು ನಾಲ್ಕೇ ಸಾಲು. ಆದರೂ ಪುಟ ತೆರೆದಾಗ ಮೊದಲ ಸೀರೆಗೆ ಬೆಲೆಯೇ ಇಲ್ಲ. ಇನಿಟ್ ಈವೆಂಟನ್ನು (ಸ್ಲಿಕ್ ಶುರುವಾಯಿತು ಅನ್ನುವ ಸೂಚನೆ) ಸ್ಲಿಕ್ ಶುರುವಾದ ಮೇಲೆ ಬೈಂಡ್ ಮಾಡಿದ್ದರು, ಅಷ್ಟರಲ್ಲಿ ಅದು ಆಗಿ ಹೋಗಿರುತ್ತದೆ. ಆ ಸಾಲನ್ನು ಮೇಲಕ್ಕೆ ತಂದೆ. ಅಮ್ಮ ಆರೂ ಸೀರೆ ಒಂದೊಂದಾಗಿ ಸರಿಸಿ, ಬೆಲೆ ಜೋರಾಗಿ ಓದಿ, ಕೊನೆಯದರಿಂದ ಸುತ್ತಿ ಮತ್ತೆ ಮೊದಲನೆಯದಕ್ಕೆ ಬಂದರು.