ಒಳಗೊಂದು ಕಾರು, ಕಾರ್ಡಿನ ಮೇಲೆ ಇನ್ನೊಂದು: ತಪ್ಪಿಗೆ ಬೆಲೆ ಇದೆಯೇ?

ಶಿವಮೊಗ್ಗದ ದುರ್ಗಿಗುಡಿಯಲ್ಲೋ ಗಾಂಧಿ ಬಜಾರಿನಲ್ಲೋ ಆಟಿಕೆ ಅಂಗಡಿಯ ಕೊಕ್ಕೆಗೆ ಒಂದು ಹಾಟ್ ವೀಲ್ಸ್ ಆಟಿಕೆ ಕಾರು ನೇತಾಡುತ್ತಿದೆ ಎನ್ನಿ. ಕಾರ್ಡಿನಲ್ಲಿರುವ ಹೆಸರೊಂದು, ಒಳಗಿರುವ ಕಾರು ಇನ್ನೊಂದು. 'ಎರರ್ ಪೀಸ್', ಅಂದರೆ ಕಾರ್ಖಾನೆಯಲ್ಲೇ ತಪ್ಪಾದ ಮಾಲು, ಎಂದು ಹತ್ತು ಪಟ್ಟು ಬೆಲೆ ಕೇಳುವವರಿದ್ದಾರೆ. ಕೊಡುವವರು ಕಡಿಮೆ, ಅದಕ್ಕೆ ಕಾರಣವೂ ಇದೆ.

ತಪ್ಪಿಗೆ ಬೆಲೆ ಕಟ್ಟುವ ಚಾಳಿ ಅಂಚೆಚೀಟಿಯವರದು. 1854ರ ಭಾರತದ ನಾಲ್ಕಾಣೆ ಚೀಟಿಯಲ್ಲಿ ಕೆಂಪು ಚೌಕಟ್ಟು ಒಂದು ಸಲ, ನೀಲಿ ತಲೆ ಇನ್ನೊಂದು ಸಲ ಅಚ್ಚಾಗಬೇಕಿತ್ತು. ಕೆಲವದರಲ್ಲಿ ರಾಣಿಯ ತಲೆ ಬುಡಮೇಲಾಯಿತು. ಆ ತಪ್ಪು ಕಾಗದದೊಳಗೇ ಇಳಿದಿದೆ, ಮನೆಯಲ್ಲಿ ಕೂತು ಮಾಡಲಾಗದು. ಆಟಿಕೆಯ ಪ್ಯಾಕಿಂಗ್ ಹಾಗಲ್ಲ. 1953ರಿಂದ ಬಂದ ಮ್ಯಾಚ್‌ಬಾಕ್ಸ್ ಕಾರುಗಳು ಬೆಂಕಿಪೊಟ್ಟಣದಂಥ ರಟ್ಟಿನ ಡಬ್ಬಿಯಲ್ಲಿದ್ದವು. ಯಾವ ಕಾರನ್ನು ಯಾವ ಡಬ್ಬಿಗೆ ತುರುಕಿದರೂ ಗೊತ್ತಾಗುತ್ತಿರಲಿಲ್ಲ. 1968ರಲ್ಲಿ ಹಾಟ್ ವೀಲ್ಸ್ ಬ್ಲಿಸ್ಟರ್ ಕಾರ್ಡಿನಲ್ಲಿ, ಅಂದರೆ ಪಾರದರ್ಶಕ ಪ್ಲಾಸ್ಟಿಕ್ ಗುಳಿಯನ್ನು ಅಂಟಿಸಿ ಮುಚ್ಚಿದ ಕಾರ್ಡಿನಲ್ಲಿ, ಬಂದ ಮೇಲಷ್ಟೇ 'ಕಾರ್ಖಾನೆಯಲ್ಲೇ ತಪ್ಪಿದ್ದು' ಎಂಬ ಮಾತಿಗೆ ತೂಕ ಬಂತು.

ಪ್ಲಾಸ್ಟಿಕ್ ಗುಳಿಯೊಳಗೆ ಕಾರಿಟ್ಟು, ಅಂಟುಲೇಪದ ಕಾರ್ಡು ಹೊದಿಸಿ, ಬಿಸಿ ತಟ್ಟೆಯಿಂದ ಒತ್ತುತ್ತಾರೆ. ಒಂದು ಮಾದರಿ ಮುಗಿದು ಇನ್ನೊಂದು ಶುರುವಾಗುವಾಗ ಉಳಿದ ಕಾರು ಮುಂದಿನ ಕಾರ್ಡಿಗೆ ಸೇರಿಬಿಡುತ್ತದೆ. ಹಿಂದುಮುಂದಾಗಿ ಕೂರುವುದೂ ಉಂಟು.

ಅದೇ ಬಿಸಿಯಿಂದ ಅಂಟು ಬಿಡಿಸಲೂಬಹುದು. ಹೇರ್ ಡ್ರೈಯರ್ ಹಿಡಿದು ಬ್ಲಿಸ್ಟರ್ ಎತ್ತಿ, ಕಾರು ಬದಲಿಸಿ, ಮತ್ತೆ ಅಂಟಿಸುತ್ತಾರೆ. ಹೀಗಾಗಿ ಕಾರ್ಡಿಗೂ ಕಾರಿಗೂ ಹೊಂದದ ಎರರ್‌ಗಿಂತ, ಮಾಡಲು ಕಷ್ಟವಾದ ತಪ್ಪುಗಳಿಗೆ ಗಿರಾಕಿಗಳು ಹೆಚ್ಚು: ಕಾರಿನ ಮೈಮೇಲೆ ಅಚ್ಚೊತ್ತುವ ಟ್ಯಾಂಪೊ ಚಿತ್ರವೇ ಇಲ್ಲದ್ದು, ಮೈಯನ್ನೂ ತಳವನ್ನೂ ಹಿಡಿದಿಡುವ ರಿವೆಟ್ ಒತ್ತದೇ ಬಿಟ್ಟದ್ದು. ನಮ್ಮ ಲೆಕ್ಕದಲ್ಲಿ ಇದೇ ನ್ಯಾಯ.

ತಪ್ಪೆಂದು ಕರೆಸಿಕೊಳ್ಳುವ ಎಷ್ಟೋ ಸಂಗತಿ ತಪ್ಪೇ ಅಲ್ಲ, ವೇರಿಯೇಷನ್, ಅಂದರೆ ತಯಾರಿಕೆಯ ನಡುವೆ ಆದ ಬದಲಾವಣೆ. ಕೆನ್ನರ್ ಕಂಪನಿ 1995ರಲ್ಲಿ ತಂದ ಸ್ಟಾರ್ ವಾರ್ಸ್ ಗೊಂಬೆಗಳಿಗೆ ಮೊದಲು ಉದ್ದ ಖಡ್ಗವಿತ್ತು. ಆಮೇಲೆ ಅದನ್ನು ಗಿಡ್ಡ ಮಾಡಿದರು, ಆದರೆ ಉದ್ದ ಖಡ್ಗಕ್ಕೆಂದು ಗುಳಿ ಮಾಡಿದ ಪ್ಯಾಕಿಂಗ್ ತಟ್ಟೆಗಳು ಮುಗಿದಿರಲಿಲ್ಲ. ಉದ್ದ ಗುಳಿಯಲ್ಲಿ ಗಿಡ್ಡ ಖಡ್ಗ ಕೂತ ಆ ಪ್ಯಾಕುಗಳನ್ನೇ ಸಂಗ್ರಾಹಕರು ಹುಡುಕಿದರು. ಒಂದಲ್ಲ, ಅನೇಕ ಕಡೆ ಒಂದೇ ಥರ ಸಿಕ್ಕಿದ್ದೇ ಅವು ಕಾರ್ಖಾನೆಯಿಂದಲೇ ಹಾಗೆ ಬಂದದ್ದಕ್ಕೆ ಸಾಕ್ಷಿಯಾಯಿತು.

ಕೊಳ್ಳುವ ಮುಂಚೆ ಬ್ಲಿಸ್ಟರಿನ ಅಂಚನ್ನು ಓರೆ ಬೆಳಕಿನಲ್ಲಿ ನೋಡಿ. ಕಾರ್ಖಾನೆಯ ಅಂಚು ಸುತ್ತಲೂ ಸಮವಾಗಿ ಚಪ್ಪಟೆಯಾಗಿರುತ್ತದೆ. ಅಂಟಿನ ಗಂಟು, ಎದ್ದ ಕಾಗದದ ನಾರು, ಸೂಪರ್ ಗ್ಲೂ ಬಿಡುವ ಬಿಳಿ ಮಬ್ಬು ಕಂಡರೆ ಕೈಬಿಡಿ. ಈಚಿನ ಹಾಟ್ ವೀಲ್ಸ್ ಕಾರಿನ ತಳದ ಕೋಡ್‌ನಲ್ಲಿ ಅಕ್ಷರ ವರ್ಷವನ್ನೂ ಮುಂದಿನ ಎರಡಂಕಿ ವಾರವನ್ನೂ ಹೇಳುತ್ತವೆ. ಕಾರ್ಡಿಗಿಂತ ಕಾರು ತೀರಾ ಹೊಸದಾಗಿದ್ದರೆ ಆಮೇಲೆ ಸೇರಿಸಿದ್ದೆಂದು ಅನುಮಾನಿಸಬೇಕು.

ಮಲೆನಾಡಿನ ತೊಡಕೇ ಬೇರೆ. ತೀರ್ಥಹಳ್ಳಿ, ಆಗುಂಬೆಯ ಜಡಿಮಳೆಯಲ್ಲಿ ಕಾರ್ಡು ಥಂಡಿ ಹೀರಿ ಬಾಗುತ್ತದೆ, ಬ್ಲಿಸ್ಟರ್ ಮೂಲೆ ತಾನಾಗಿಯೇ ಏಳುತ್ತದೆ, ಮೇಲೆ ಬೂಷ್ಟು. ನಿಜವಾದ ಎರರ್ ಪೀಸೂ ಆಗ ಅನುಮಾನದ ಮಾಲಾಗುತ್ತದೆ. ಕೊಂಡ ದಿನವೇ ನಾಲ್ಕೂ ಅಂಚಿನ ಫೋಟೊ ತೆಗೆದು, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆಯೆಂದು ಅಲ್ಲಿಡಬೇಡಿ. ಹೊಗೆಗೆ ಪ್ಲಾಸ್ಟಿಕ್ ಹಳದಿಯಾಗುತ್ತದೆ.